ಹೊಟ್ಟೆಯ ನೀರು ಅಲ್ಲಾಡದ ಹಾಗೆ: ಬೆಂಗಳೂರಿನ ದಿನದ ಓಡಾಟಕ್ಕೆ ಲೆಕ್ಸಸ್ ಇಎಸ್ 300ಎಚ್

ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು 2024ರಲ್ಲಿ ಸರಾಸರಿ 34 ನಿಮಿಷ 10 ಸೆಕೆಂಡ್ ಹಿಡಿಯುತ್ತಿತ್ತು ಎಂದು ನ್ಯಾವಿಗೇಷನ್ ಕಂಪನಿ ಟಾಮ್‌ಟಾಮ್‌ನ ಸಂಚಾರ ಸೂಚ್ಯಂಕ ಲೆಕ್ಕ ಕೊಟ್ಟಿತ್ತು. ಅಂದರೆ ಗಂಟೆಗೆ ಹದಿನೇಳೂವರೆ ಕಿ.ಮೀ. ಅರವತ್ತು, ಎಪ್ಪತ್ತು ಲಕ್ಷ ರೂಪಾಯಿ ಎತ್ತಿಟ್ಟುಕೊಂಡು ಆಫೀಸ್ ಓಡಾಟಕ್ಕೆ ಸೆಡಾನ್ ಹುಡುಕುವವರು ಮೊದಲು ಈ ಅಂಕಿಯನ್ನು ಎದುರಿಗಿಟ್ಟುಕೊಳ್ಳಬೇಕು. ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿ ಇರುವುದೆಲ್ಲ 80 ಕಿ.ಮೀ. ವೇಗದ ಮೇಲಿನ ಮಾತು. ಕೊಟ್ಟ ದುಡ್ಡಿನ ಸುಖ ದಿನಾ ಸಿಗಬೇಕಾದದ್ದು ಸೊನ್ನೆಯಿಂದ ನಲವತ್ತರ ಒಳಗೆ.

ಈ ಬೆಲೆಯ ಹಂತದಲ್ಲಿ ಎದುರುಬದುರಾಗಿ ನಿಲ್ಲುವ ಎರಡು ಕಾರುಗಳು ಬಿಎಂಡಬ್ಲ್ಯು ಎಂ340ಐ ಮತ್ತು ಟೊಯೊಟಾದ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್‌ನ ಇಎಸ್ 300ಎಚ್. ಎರಡೂ ದಕ್ಷಿಣ ಭಾರತದಲ್ಲೇ ಜೋಡಣೆಯಾದವು: ಮೊದಲನೆಯದು ಚೆನ್ನೈ ಬಳಿ, ಎರಡನೆಯದು 2020ರಿಂದ ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಎಂ340ಐಯ 3 ಲೀಟರ್, ಆರು ಸಿಲಿಂಡರ್ ಟರ್ಬೊ ಎಂಜಿನ್ 374 ಪಿಎಸ್ (ಅಶ್ವಶಕ್ತಿ) ಶಕ್ತಿ, 500 ನ್ಯೂಟನ್ ಮೀಟರ್ ಸೆಳೆತ ಕೊಡುತ್ತದೆ. ಸೊನ್ನೆಯಿಂದ ನೂರಕ್ಕೆ 4.4 ಸೆಕೆಂಡ್ ಸಾಕು. ಇಎಸ್‌ನದು 2.5 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಸೇರಿದ ಹೈಬ್ರಿಡ್. ಎರಡೂ ಕೂಡಿ 218 ಪಿಎಸ್, ನೂರಕ್ಕೆ ಸುಮಾರು 9 ಸೆಕೆಂಡ್. ಕಾಗದದ ಮೇಲೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್‌ನಲ್ಲಿ ಅದು ಶುರುವಾಗುವುದೇ ಬೇರೆ ಕಡೆಯಿಂದ.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ವಾರಕ್ಕೆ ಐದು ದಿನ, ದಿನಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತು ಟ್ರಾಫಿಕ್‌ನಲ್ಲಿ ಕಳೆಯುವವರಿಗೆ ಇಎಸ್ ಸರಿಯಾದ ಕಾರು. ಎಂ340ಐ ಕೆಟ್ಟದ್ದೇನೂ ಅಲ್ಲ, ಚಾಲನೆಯ ಖುಷಿಗೆ ಈ ದುಡ್ಡಿನಲ್ಲಿ ಅದನ್ನು ಮೀರಿಸುವ ಸೆಡಾನ್ ಇಲ್ಲಿ ಸಿಗುವುದು ಕಷ್ಟ. ಆದರೆ ಆ ಖುಷಿಗೆ ಬೇಕಾದ ರಸ್ತೆ ಮನೆ ಮತ್ತು ಆಫೀಸಿನ ನಡುವೆ ಇರಬೇಕಲ್ಲ.

ಕುಲುಕಾಟದ ಲೆಕ್ಕ

ಸವಾರಿ ಹಿತವಾಗಿತ್ತು ಎನ್ನುವುದಕ್ಕೆ ಕನ್ನಡದಲ್ಲಿ ‘ಹೊಟ್ಟೆಯ ನೀರು ಅಲ್ಲಾಡಲಿಲ್ಲ’ ಅನ್ನುತ್ತೇವೆ. ಅಳತೆಗೂ ಕೂಡಿಬರುವ ಮಾತು ಇದು. ಕುಳಿತ ಮನುಷ್ಯನಿಗೆ ಮೇಲೆ ಕೆಳಗಿನ ಕುಲುಕಾಟದಲ್ಲಿ ಅತಿ ಹೆಚ್ಚು ಹಿಂಸೆಯಾಗುವುದು ಸೆಕೆಂಡಿಗೆ 4ರಿಂದ 8 ಸಲ ಬರುವ ಕುಲುಕಿಗೆ. ಹೊಟ್ಟೆಯೊಳಗಿನ ಅಂಗಗಳು ತಾವಾಗಿ ತೂಗುವ ಲಯವೂ ಹೆಚ್ಚುಕಡಿಮೆ ಅದೇ. ಮೆತ್ತನೆ ಸ್ಪ್ರಿಂಗ್ ಇರುವ ಕಾರಿನ ಒಡಲು ಸೆಕೆಂಡಿಗೆ ಒಂದು ಸಲಕ್ಕಿಂತ ತುಸು ಹೆಚ್ಚು ತೂಗುತ್ತದೆ. ಸ್ಪೋರ್ಟ್ಸ್ ಸೆಡಾನ್‌ಗಳಲ್ಲಿ ಅದು ಒಂದೂವರೆಯಿಂದ ಎರಡರವರೆಗೂ ಹೋಗುತ್ತದೆ. ಸ್ಪ್ರಿಂಗ್ ಬಿಗಿಯಾದಷ್ಟೂ ಆ 4–8ರ ಕುಲುಕು ಸರಿಯಾಗಿ ಸೋಸದೆ ನೇರ ಸೀಟಿಗೆ ಬರುತ್ತದೆ. ತಿರುವಿನಲ್ಲಿ ಕಾರು ವಾಲಬಾರದೆಂದು ಬಿಗಿ ಮಾಡಿದ ಸ್ಪ್ರಿಂಗು ನೇರ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಹೋಗುವವರ ಬೆನ್ನಿನಿಂದ ಅದರ ಬೆಲೆ ವಸೂಲಿ ಮಾಡುತ್ತದೆ.

ಸ್ಪ್ರಿಂಗ್‌ಗಿಂತ ಸೂಕ್ಷ್ಮವಾದದ್ದು ಶಾಕ್ ಅಬ್ಸಾರ್ಬರ್. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಕವಾಟಗಳ ಮೂಲಕ ದೂಡಿ ಕುಲುಕಾಟವನ್ನು ಅಡಗಿಸುತ್ತದೆ. ತೊಂದರೆ ಏನೆಂದರೆ, ಸಾಮಾನ್ಯ ಕವಾಟ ತೆರೆದುಕೊಳ್ಳಲು ಸ್ವಲ್ಪ ಒತ್ತಡ ಬೇಕು. ತೇಪೆ ಹಾಕಿದ ಡಾಂಬರು, ಕೇಬಲ್‌ಗೆ ಅಗೆದು ಮುಚ್ಚಿದ ಗೀರು, ಇಂಥ ಚಿಕ್ಕ ಏರುಪೇರಿಗೆ ಆ ಒತ್ತಡ ಬರುವುದಿಲ್ಲ. ಶಾಕ್ ಆ ಕ್ಷಣಕ್ಕೆ ಗಟ್ಟಿ ಕಂಬಿಯ ಹಾಗೆ ವರ್ತಿಸುತ್ತದೆ, ಸ್ಟೀರಿಂಗ್‌ನಲ್ಲಿ ಟರ್ರ್ ಎಂಬ ನಡುಕ ಬರುತ್ತದೆ. 2018ರಲ್ಲಿ ಬಂದ ಈ ತಲೆಮಾರಿನ ಇಎಸ್‌ಗೆ ಲೆಕ್ಸಸ್ ಸ್ವಿಂಗ್ ವಾಲ್ವ್ ಎಂಬ ಇನ್ನೊಂದು ಕವಾಟ ಸೇರಿಸಿತು. ಮುಖ್ಯ ಕವಾಟ ಕೆಲಸ ಶುರು ಮಾಡುವ ಮೊದಲೇ, ಪಿಸ್ಟನ್ ಕೂದಲೆಳೆಯಷ್ಟು ಸರಿದರೂ ಇದು ಎಣ್ಣೆಗೆ ದಾರಿ ಬಿಡುತ್ತದೆ. ಹಳೆ ಏರ್‌ಪೋರ್ಟ್ ರಸ್ತೆಯಂಥ ತೇಪೆ ರಸ್ತೆಯಲ್ಲಿ 30ರಲ್ಲಿ ಹೋಗುವಾಗ ಈ ಕಾರಿನ ಗುಣ ಗೊತ್ತಾಗುವುದು ಇಲ್ಲೇ. ದೊಡ್ಡ ಗುಂಡಿ ಯಾವ ಕಾರಿನಲ್ಲೂ ಗುಂಡಿಯೇ. ಸಣ್ಣ ಸಣ್ಣ ಉಪದ್ರವಗಳು ಮಾತ್ರ ಇಲ್ಲಿ ಮಾಯವಾಗುತ್ತವೆ. ಎರಡು ಗಂಟೆ ಕುಳಿತವರನ್ನು ದಣಿಸುವುದು ಆ ಸಣ್ಣವೇ.

ಈಗ ಹಂಪುಗಳ ವಿಷಯ. ಭಾರತೀಯ ರೋಡ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆ ಉಬ್ಬು 3.7 ಮೀ. ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಅದನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹಿತವಾಗಿ ದಾಟುವಂತಿರಬೇಕು. ನಮ್ಮ ಬಡಾವಣೆಗಳಲ್ಲಿ ಅಷ್ಟೇ ಎತ್ತರವನ್ನು ಅರ್ಧ, ಮುಕ್ಕಾಲು ಮೀಟರ್ ಅಗಲದಲ್ಲೇ ಎಬ್ಬಿಸಿಬಿಟ್ಟಿರುತ್ತಾರೆ. ಇಎಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2,870 ಮಿ.ಮೀ. ಅಂತರವಿದೆ, ನೆಲದಿಂದ ಎತ್ತರ ಕಡಿಮೆ. ಹಿಂದೆ ಮೂವರು ಕುಳಿತರೆ ಒಡಲು ಇನ್ನೂ ಇಳಿಯುತ್ತದೆ. ಚೂಪು ಹಂಪನ್ನು ನೇರವಾಗಿ ದಾಟಿದರೆ ಕಾರಿನ ಹೊಟ್ಟೆ ತಾಗುವ ಸಂಭವ ಇದ್ದೇ ಇದೆ.

ದಾಟುವ ಕ್ರಮ ಹೀಗೆ: ಹಂಪಿಗೆ 10 ಮೀ. ಮೊದಲೇ ಬ್ರೇಕ್ ಒತ್ತಿ ವೇಗವನ್ನು 5–8ಕ್ಕೆ ಇಳಿಸಿ. ಮುಂದಿನ ಚಕ್ರ ಹಂಪು ಹತ್ತುವ ಮುನ್ನ ಬ್ರೇಕ್ ಪೂರ್ತಿ ಬಿಡಿ. ಬ್ರೇಕ್ ಒತ್ತಿ ಹಿಡಿದೇ ಹತ್ತಿಸಿದರೆ ಮೂತಿ ತಗ್ಗಿರುತ್ತದೆ, ಮುಂದಿನ ಸ್ಪ್ರಿಂಗ್ ಅದಾಗಲೇ ಕುಗ್ಗಿರುತ್ತದೆ, ಹೊಡೆತ ನೇರ ಒಳಗೆ ಬರುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ. ರಸ್ತೆ ಖಾಲಿಯಿದ್ದರೆ ಸ್ಟೀರಿಂಗನ್ನು ತುಸು ಓರೆ ಮಾಡಿ, ಒಂದೊಂದೇ ಚಕ್ರ ಹತ್ತುವಂತೆ ದಾಟಿಸಿ. ಹಿಂದಿನ ಚಕ್ರ ಇಳಿಯುವವರೆಗೂ ಆಕ್ಸಿಲರೇಟರ್ ಮುಟ್ಟಬೇಡಿ, ವಿದ್ಯುತ್ ಮೋಟಾರಿನ ನಿಧಾನ ತಳ್ಳುವಿಕೆಯೇ ಸಾಕಾಗುತ್ತದೆ. ಇಷ್ಟು ಮಾಡಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿರುವ ಮಗು ಏಳುವುದಿಲ್ಲ.

ಸದ್ದು ಎಲ್ಲೆಲ್ಲಿಂದ ಬರುತ್ತದೆ

ಕಾರಿನೊಳಗಿನ ಸದ್ದಿಗೆ ಮೂರು ಮೂಲ: ಎಂಜಿನ್, ಟೈರ್, ಗಾಳಿ. 40ರ ಒಳಗೆ ಎಂಜಿನ್ನೇ ಮುಖ್ಯ, 50 ದಾಟಿದ ಮೇಲೆ ಟೈರು, 100ರ ಹತ್ತಿರ ಗಾಳಿ. ಸಿಟಿ ಓಡಾಟಕ್ಕೆ ಮೊದಲ ಎರಡನ್ನು ನೋಡಿದರೆ ಸಾಕು.

ಎಂಜಿನ್ ವಿಷಯದಲ್ಲಿ ಹೈಬ್ರಿಡ್‌ಗೆ ಇರುವ ಅನುಕೂಲ ಬೇರೆ ಯಾವ ಪೆಟ್ರೋಲ್ ಕಾರಿಗೂ ಇಲ್ಲ. ತೆವಳುವ ಟ್ರಾಫಿಕ್‌ನಲ್ಲಿ ಕಾರನ್ನು ಎಳೆಯುವುದು 88 ಕಿಲೋವ್ಯಾಟ್ ಮೋಟಾರು, ಎಂಜಿನ್ ಆರಿರುತ್ತದೆ. ಈ ಕಾರಿನಲ್ಲಿ ಕ್ಲಚ್ ಇಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ, ಬದಲಿಸಬೇಕಾದ ಗೇರುಗಳಿಲ್ಲ, ಬೇರೆ ಸ್ಟಾರ್ಟರ್ ಮೋಟಾರ್ ಕೂಡ ಇಲ್ಲ. ಎಂಜಿನ್ ಮತ್ತು ಎರಡು ಮೋಟಾರ್–ಜನರೇಟರ್‌ಗಳನ್ನು ಒಂದು ಗ್ರಹಚಕ್ರ (ಪ್ಲಾನೆಟರಿ) ಗೇರು ಕೂಡಿಸುತ್ತದೆ. ಹಾಗಾಗಿ ನಿಂತು, ಎರಡು ಮೀಟರ್ ಸರಿದು, ಮತ್ತೆ ನಿಲ್ಲುವ ಆಟದಲ್ಲಿ ಎಳೆತ, ಜಗ್ಗಾಟ ಎಂಬುದೇ ಬರುವುದಿಲ್ಲ. ಗೇರ್‌ಬಾಕ್ಸ್ ಎಷ್ಟೇ ಒಳ್ಳೆಯದಿರಲಿ, ಟರ್ಬೊ ಪೆಟ್ರೋಲ್ ಕಾರು ಒಂದನೇ ಗೇರಿಗೂ ಎರಡನೇ ಗೇರಿಗೂ ನಡುವೆ ದಿನಕ್ಕೆ ನೂರಾರು ಸಲ ಓಡಾಡಲೇಬೇಕು.

ಎ.ಸಿ.ಯನ್ನೂ ಇದೇ ಜಾಗದಲ್ಲಿ ಹೇಳಬೇಕು. ಸಾಮಾನ್ಯ ಕಾರಿನಲ್ಲಿ ಎ.ಸಿ. ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತದೆ. ಸಿಗ್ನಲ್‌ನಲ್ಲಿ ಸ್ಟಾರ್ಟ್–ಸ್ಟಾಪ್ ಎಂಜಿನ್ ಆರಿಸಿದರೆ ಕಂಪ್ರೆಸರೂ ನಿಲ್ಲುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಒಂದೇ ನಿಮಿಷದಲ್ಲಿ ಗಾಳಿ ಬೆಚ್ಚಗಾಗುತ್ತದೆ, ಅಷ್ಟರಲ್ಲಿ ಎಂಜಿನ್ ಮೈ ಕೊಡವಿಕೊಂಡು ಏಳುತ್ತದೆ. ಹೆಚ್ಚಿನವರು ಕಾರು ಹತ್ತಿದ ಕೂಡಲೇ ಆ ಸ್ವಿಚ್ ಆಫ್ ಮಾಡುವುದು ಇದಕ್ಕೇ. ಇಎಸ್‌ನಲ್ಲಿ ಕಂಪ್ರೆಸರ್ ವಿದ್ಯುತ್ತಿನದು. ಎಂಜಿನ್ ಆರಿದ್ದರೂ ತಂಪು ಗಾಳಿ ಅಷ್ಟೇ ಬರುತ್ತದೆ. ಬ್ಯಾಟರಿ ಇಳಿದಾಗ ಮಾತ್ರ ಎಂಜಿನ್ ಹತ್ತಿಕೊಳ್ಳುತ್ತದೆ. ಹೊರಗೆ ಬಸ್ಸಿನ ಗದ್ದಲ ಇರುವ ಜಾಗದಲ್ಲಿ ಅದು ಹತ್ತಿದ್ದು ಕಿವಿಗೆ ಬೀಳುವುದಕ್ಕಿಂತ ಮೀಟರಿನಲ್ಲಿ ಕಣ್ಣಿಗೆ ಬೀಳುವುದೇ ಹೆಚ್ಚು.

ಇಲ್ಲಿ ಒಂದು ದೋಷವಿದೆ, ಮುಚ್ಚಿಡಬಾರದು. ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲೋ ಹೆದ್ದಾರಿಗೆ ಸೇರುವಾಗಲೋ ಆಕ್ಸಿಲರೇಟರ್ ತಳಕ್ಕೆ ಒತ್ತಿದರೆ, ಕಾರಿನ ವೇಗ ಏರುವ ಮೊದಲೇ ಎಂಜಿನ್ ಎತ್ತರದ ಆರ್‌ಪಿಎಂಗೆ ಹೋಗಿ ಅಲ್ಲೇ ಒಂದೇ ಸ್ವರದಲ್ಲಿ ಗೊಂಯ್‌ಗುಡುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ನಿನ ಆ ಸ್ವರಕ್ಕೆ ಇಂಪಿಲ್ಲ. ಎಂ340ಐಯ ಆರು ಸಿಲಿಂಡರ್ ನಾದ ಕೇಳಿದ ಕಿವಿಗೆ ಇದು ಬಡವಾಗಿ ಕೇಳುತ್ತದೆ. ಪೆಡಲನ್ನು ಅರ್ಧದ ಒಳಗೆ ಇಟ್ಟರೆ ಈ ಸದ್ದು ಬರುವುದಿಲ್ಲ. ಆಫೀಸ್ ದಾರಿಯಲ್ಲಿ ಅದಕ್ಕಿಂತ ಹೆಚ್ಚು ಒತ್ತುವ ಪ್ರಸಂಗ ಅಪರೂಪ.

ಟೈರಿನ ಸದ್ದಿಗೆ ಬರೋಣ. ಬೆಂಗಳೂರಿನಲ್ಲಿ ಡಾಂಬರು ಕಿತ್ತು ಕಾಂಕ್ರೀಟ್ ಹಾಕಿದ ವೈಟ್ ಟಾಪಿಂಗ್ ರಸ್ತೆಗಳು ಹೆಚ್ಚುತ್ತಿವೆ. ಗುಂಡಿ ಬೀಳದು ಎಂಬುದು ಅದರ ಲಾಭ. ನೀರು ಜಾರಲಿ, ಟೈರು ಹಿಡಿಯಲಿ ಎಂದು ಮೇಲ್ಮೈಯನ್ನು ಗೀರಿರುವುದರಿಂದ 50 ದಾಟಿದೊಡನೆ ಒಳಗೆ ಗುಯ್ಯೆಂಬ ಮೊರೆತ ತುಂಬುವುದು ನಷ್ಟ. ಇದರ ಜೊತೆಗೆ ಟೈರಿನೊಳಗಿನ ಗಾಳಿಯದೇ ಒಂದು ಸ್ವರವಿದೆ. ಚೂಪಾದ ಅಂಚಿಗೆ ಬಡಿದಾಗ ಆ ಗಾಳಿ ಸುಮಾರು 200 ಹರ್ಟ್ಸ್‌ನಲ್ಲಿ ಡೊಂಯ್ ಎಂದು ಅನುರಣಿಸುತ್ತದೆ. ಲೆಕ್ಸಸ್ ಈ ತಲೆಮಾರಿಗೆ ಮಾಡಿದ 18 ಇಂಚಿನ ಸದ್ದು ತಗ್ಗಿಸುವ ಚಕ್ರಗಳಲ್ಲಿ ರಿಮ್ಮಿನ ಸುತ್ತ ಟೊಳ್ಳು ಕೋಣೆ ಇದೆ. ಆ ಸ್ವರವನ್ನು ಅದು ನುಂಗುತ್ತದೆ. ನೀವು ಕೊಳ್ಳುವ ಮಾದರಿಯಲ್ಲಿ ಇದೇ ಚಕ್ರ ಇದೆಯೇ ಎಂದು ಬುಕ್ ಮಾಡುವ ಮೊದಲು ಕೇಳಿ ಬರೆಸಿಕೊಳ್ಳಿ. ಗುಂಡಿಗೆ ಬಿದ್ದು ರಿಮ್ ಬೆಂಡಾದರೆ ರಸ್ತೆ ಬದಿಯ ಅಂಗಡಿಯಲ್ಲಿ ಬಿಸಿ ಮಾಡಿ ಬಡಿಸಬೇಡಿ. ಟೊಳ್ಳು ಭಾಗ ಬಿರುಕು ಬಿಟ್ಟರೆ ಗಾಳಿ ಸೋರುವುದಲ್ಲದೆ ಚಕ್ರದ ಪ್ರಯೋಜನವೂ ಹೋಗುತ್ತದೆ.

ಗಾಜಿಗೂ ಇದೇ ಮಾತು. ಮುಂದಿನ ಗಾಜು ಸದ್ದು ತಡೆಯುವ ಪದರವಿರುವ ಅಕೌಸ್ಟಿಕ್ ಗಾಜು. ಟಿಪ್ಪರ್ ಹಿಂದೆ ಹೋಗಿ ಕಲ್ಲು ಬಡಿದು ಗಾಜು ಬದಲಿಸುವ ಪ್ರಸಂಗ ಬಂದರೆ, ವಿಮೆಯ ಬಿಲ್ಲಿನಲ್ಲಿ ಅದೇ ಪಾರ್ಟ್ ನಂಬರ್ ಇದೆಯೇ ನೋಡಿ. ಸಾದಾ ಗಾಜು ಕೂಡ ಅದೇ ಅಳತೆಗೆ ಕೂರುತ್ತದೆ, ನೋಡಲು ವ್ಯತ್ಯಾಸ ಕಾಣದು, ಹೆದ್ದಾರಿಗೆ ಹೋದಾಗ ಕಿವಿಗೆ ಗೊತ್ತಾಗುತ್ತದೆ.

ಟೈರಿನ ಗೋಡೆ, ಗಾಳಿಯ ಒತ್ತಡ

‘ಸ್ಪೋರ್ಟ್ಸ್ ಕಾರಿನ ಟೈರು ತೆಳು, ಅದಕ್ಕೇ ಗಟ್ಟಿ’ ಎಂಬ ಮಾತು ಅರ್ಧ ಸತ್ಯ. ಇಎಸ್‌ನ 235/45 ಆರ್18 ಟೈರಿನ (ಅಗಲ 235 ಮಿ.ಮೀ., ಗೋಡೆ ಅದರ ಶೇ 45, ರಿಮ್ 18 ಇಂಚು) ಗೋಡೆ 106 ಮಿ.ಮೀ. ಎತ್ತರ. ಎಂ340ಐ ಸೇರಿರುವ ಬಿಎಂಡಬ್ಲ್ಯು 3 ಸರಣಿಯಲ್ಲಿ 18 ಇಂಚಿನ ಚಕ್ರಕ್ಕೆ ಬರುವ 225/45ರದು 101. ವ್ಯತ್ಯಾಸ ಬರೀ 5 ಮಿ.ಮೀ. ನಿಜವಾದ ವ್ಯತ್ಯಾಸ ಸ್ಪ್ರಿಂಗ್, ಶಾಕ್ ಮತ್ತು ಟೈರಿನ ಗೋಡೆಯ ಗಡಸುತನದಲ್ಲಿದೆ. ಗಾಳಿ ಹೋದರೂ ಓಡುವ ರನ್‌ಫ್ಲ್ಯಾಟ್ ಟೈರಿಗೆ ದಪ್ಪ ಬಿಗಿ ಗೋಡೆ ಬೇಕೇ ಬೇಕು. ಅದು ಪ್ರತಿ ಅಂಚನ್ನೂ ಒಳಗೆ ವರದಿ ಮಾಡುತ್ತದೆ. ಯಾವುದೇ ಜರ್ಮನ್ ಸೆಡಾನ್ ನೋಡುವಾಗ ಟೈರಿನ ಮೇಲೆ ರನ್‌ಫ್ಲ್ಯಾಟ್ ಗುರುತು ಇದೆಯೇ ಎಂದು ಬಗ್ಗಿ ನೋಡಿ.

ಇಎಸ್‌ಗೆ ಇನ್ನೂ ಮೆತ್ತನೆಯ ಸವಾರಿ ಬೇಕೆಂದರೆ ದಾರಿಯಿದೆ. ಹೊರದೇಶಗಳ ಇಎಸ್‌ಗೆ 215/55 ಆರ್17 ಕೂಡ ಕಂಪನಿಯದೇ ಅಳತೆ. ಅದರ ಹೊರ ವ್ಯಾಸ 668 ಮಿ.ಮೀ., 18 ಇಂಚಿನದು 669. ಹಾಗಾಗಿ ಸ್ಪೀಡೋಮೀಟರ್ ತಪ್ಪುವುದಿಲ್ಲ, ನೆಲದ ಎತ್ತರವೂ ಹಾಗೇ ಉಳಿಯುತ್ತದೆ. ರಬ್ಬರ್ ಗೋಡೆ ಮಾತ್ರ 12 ಮಿ.ಮೀ. ಹೆಚ್ಚು ಸಿಗುತ್ತದೆ. ಗುಂಡಿಗೆ ರಿಮ್ ಬೆಂಡಾಗುವ ಭಯ ಕಡಿಮೆಯಾಗುತ್ತದೆ. ಟೊಳ್ಳು ಕೋಣೆಯ ಚಕ್ರ ಕೈಬಿಡಬೇಕಾಗುತ್ತದೆ ಎಂಬುದು ಇದಕ್ಕೆ ತೆರಬೇಕಾದ ಬೆಲೆ. ದಾರಿಯಲ್ಲಿ ಗುಂಡಿಯೇ ಹೆಚ್ಚು ಇರುವವರು 17ಕ್ಕೆ ಹೋಗಬಹುದು, ಕಾಂಕ್ರೀಟ್ ರಸ್ತೆಯವರು 18ರಲ್ಲೇ ಇರುವುದು ಲೇಸು. ಬದಲಿಸುವ ಮುನ್ನ ವಿಮೆಯವರಿಗೆ ತಿಳಿಸಿ, ವಾರಂಟಿಗೆ ಅಡ್ಡಿಯಿಲ್ಲವೇ ಎಂದು ಸರ್ವಿಸ್ ಕೇಂದ್ರದಿಂದ ಬರೆಸಿಕೊಳ್ಳಿ.

ಗಾಳಿಯ ಒತ್ತಡಕ್ಕೆ ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯೇ ಪ್ರಮಾಣ. ಬೆಳಿಗ್ಗೆ ಕಾರು ತೆಗೆಯುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ಓಡಿದ ಮೇಲೆ 3–4 ಪಿಎಸ್ಐ ಏರುವುದು ಸಹಜ. ಆಗ ನೋಡಿ ಇಳಿಸಿದರೆ ಮರುದಿನ ಕಡಿಮೆ ಬಿದ್ದಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕೇಳದೇ 40 ತುಂಬಿಬಿಡುವ ಅಭ್ಯಾಸ ಎಷ್ಟೋ ಕಡೆ ಇದೆ. ಅಷ್ಟು ತುಂಬಿದ ಇಎಸ್ ಸ್ಪೋರ್ಟ್ಸ್ ಕಾರಿನ ಹಾಗೆ ಕುಟ್ಟುತ್ತದೆ, ಮಾಲೀಕ ಸಸ್ಪೆನ್ಷನ್ ಹೋಯಿತೆಂದು ಸರ್ವಿಸ್‌ಗೆ ಒಯ್ಯುತ್ತಾನೆ. 1,000–1,500 ರೂಪಾಯಿಯ ಡಿಜಿಟಲ್ ಗಾಳಿ ಪಂಪ್ ಒಂದು ಡಿಕ್ಕಿಯಲ್ಲಿರಲಿ.

ಒಳಗೆ

ಮುಂದಿನ ಸೀಟುಗಳು ಅಗಲ, ಗಾಳಿಯಾಡುವಂಥವು. ಸ್ಪೋರ್ಟ್ಸ್ ಸೀಟಿನಲ್ಲಿ ಪಕ್ಕೆಗಳನ್ನು ಹಿಡಿಯುವ ದಿಂಬುಗಳು ಇಲ್ಲಿಲ್ಲ. ತಿರುವಿನಲ್ಲಿ ಅವು ಬೇಕು, ಹತ್ತಿ ಇಳಿಯುವಾಗ ತೊಡೆಗೆ ಒತ್ತುತ್ತವೆ. ಸೀರೆ ಉಟ್ಟವರಿಗೆ, ಮಂಡಿನೋವಿನ ಹಿರಿಯರಿಗೆ ಈ ವ್ಯತ್ಯಾಸ ದಿನಾ ಗೊತ್ತಾಗುತ್ತದೆ. ಹಿಂದೆ ಕಾಲಿಗೆ ಬೇಕಾದಷ್ಟು ಜಾಗವಿದೆ. ಸೂರು ಹಿಂದಕ್ಕೆ ಇಳಿಯುವುದರಿಂದ ಆರಡಿ ದಾಟಿದವರ ತಲೆಗೆ ಮಾತ್ರ ಇಕ್ಕಟ್ಟು. 17 ಸ್ಪೀಕರಿನ ಮಾರ್ಕ್ ಲೆವಿನ್ಸನ್ ವ್ಯವಸ್ಥೆ ಇರುವ ಮಾದರಿ ಸಿಕ್ಕರೆ ತೆಗೆದುಕೊಳ್ಳಿ. ಒಡಲು ನಿಶ್ಶಬ್ದವಾಗಿರುವುದರಿಂದ ಕಡಿಮೆ ಧ್ವನಿಯಲ್ಲೇ ತಂಬೂರಿಯ ಶ್ರುತಿ ಬಿಡಿಬಿಡಿಯಾಗಿ ಕೇಳುತ್ತದೆ.

2021ರ ಪರಿಷ್ಕರಣೆಗೂ ಮುಂಚಿನ ಕಾರಿನಲ್ಲಿ ಪರದೆ ಮುಟ್ಟಿದರೆ ಕೆಲಸ ಮಾಡುವುದಿಲ್ಲ, ಗೇರಿನ ಪಕ್ಕದ ಟಚ್‌ಪ್ಯಾಡ್ ಮೇಲೆ ಬೆರಳಾಡಿಸಬೇಕು. ಓಡುತ್ತಿರುವಾಗ ಅದು ಕಷ್ಟ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದೊಂದೇ ಕಾರಣಕ್ಕೆ 2021ರ ನಂತರದ್ದನ್ನು ಹುಡುಕಬಹುದು. ಸಿಗ್ನಲ್‌ನಲ್ಲಿ ಬ್ರೇಕ್ ಹಿಡಿದುಕೊಳ್ಳುವ ಹೋಲ್ಡ್ ಗುಂಡಿಯನ್ನು ಪ್ರತಿ ಸಲ ಕಾರು ಸ್ಟಾರ್ಟ್ ಮಾಡಿದಾಗಲೂ ಮತ್ತೆ ಒತ್ತಬೇಕು, ನೆನಪಿರಲಿ.

ಕಾರು 4,975 ಮಿ.ಮೀ. ಉದ್ದ. ಹಲವು ಅಪಾರ್ಟ್‌ಮೆಂಟ್‌ಗಳಲ್ಲಿ ಪಾರ್ಕಿಂಗ್ ಜಾಗ 2.5 ಮೀ. ಅಗಲ, 5 ಮೀ. ಉದ್ದ. ಉಳಿಯುವುದು ಎರಡೂವರೆ ಸೆಂಟಿಮೀಟರ್. ಬುಕ್ ಮಾಡುವ ಮೊದಲು ಟೇಪ್ ಹಿಡಿದು ಅಳೆಯಿರಿ. ಹಿಂದೆ ಕಂಬವಿದೆಯೇ, ಪೈಪು ಇಳಿದಿದೆಯೇ, ರ‍್ಯಾಂಪಿನ ಬುಡದಲ್ಲಿ ಚೂಪು ಕೋನವಿದೆಯೇ ನೋಡಿ. ಎಂ340ಐ ಈ ಲೆಕ್ಕದಲ್ಲಿ ಸುಮಾರು 26 ಸೆಂ.ಮೀ. ಗಿಡ್ಡ, ಹಳೆ ಬಡಾವಣೆಗಳಲ್ಲಿ ಅದು ದೊಡ್ಡ ಅನುಕೂಲ.

ಕೆಡುವುದು ಎಲ್ಲಿ

ಹೈಬ್ರಿಡ್ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ಅದನ್ನು ತಂಪು ಮಾಡುವುದು ಕಾರಿನೊಳಗಿನ ಗಾಳಿಯೇ. ಸೀಟಿನ ಕೆಳಗಿನ ಜಾಲರಿಯಿಂದ ಫ್ಯಾನ್ ಅದನ್ನು ಎಳೆಯುತ್ತದೆ. ಈ ಜಾಲರಿಗೆ ಅಡ್ಡವಾಗಿ ಬ್ಯಾಗ್, ಅಂಗಡಿಯ ದಪ್ಪ ಕಾರ್ಪೆಟ್ ಬರಬಾರದು. ಒಳಗಿನ ಫಿಲ್ಟರ್‌ನಲ್ಲಿ ಧೂಳು, ಕೂದಲು, ನಾಯಿ ಸಾಕಿದ್ದರೆ ಅದರ ರೋಮ ಕಟ್ಟಿಕೊಳ್ಳುತ್ತದೆ. ಮೊದಲ ಸೂಚನೆ ಕಿವಿಗೇ ಸಿಗುತ್ತದೆ: ಹಿಂದಿನ ಸೀಟಿನ ಕೆಳಗೆ ಫ್ಯಾನ್ ಮೊದಲಿಗಿಂತ ಜೋರಾಗಿ ಗುಂಯ್‌ಗುಟ್ಟುತ್ತದೆ. ಅದನ್ನೂ ಗಮನಿಸದಿದ್ದರೆ ಬ್ಯಾಟರಿ ತಂಪು ಮಾಡುವ ಭಾಗ ಪರೀಕ್ಷಿಸಿ ಎಂದು ಪರದೆಯೇ ಹೇಳುತ್ತದೆ. ಪ್ರತಿ ಸರ್ವಿಸ್‌ನಲ್ಲೂ ಈ ಫಿಲ್ಟರ್ ಶುಚಿ ಮಾಡಿಸಿ, ಬಿಲ್ಲಿನಲ್ಲಿ ಬರೆಸಿ.

ಮೂರು ನಾಲ್ಕು ವಾರ ಕಾರು ನಿಲ್ಲಿಸಿ ಊರಿಗೆ ಹೋದರೆ ದೊಡ್ಡ ಬ್ಯಾಟರಿಗೆ ಏನೂ ಆಗದಿದ್ದರೂ ಡಿಕ್ಕಿಯಲ್ಲಿರುವ 12 ವೋಲ್ಟ್ ಬ್ಯಾಟರಿ ಇಳಿದು ರಿಮೋಟ್‌ನಿಂದ ಬಾಗಿಲೇ ತೆರೆಯದಂತಾಗಬಹುದು. ವಾರಕ್ಕೊಮ್ಮೆ ಯಾರಾದರೂ ಕಾರು ಸ್ಟಾರ್ಟ್ ಮಾಡಿ ಅರ್ಧ ಗಂಟೆ ‘ರೆಡಿ’ ದೀಪ ಹೊತ್ತಿಸಿಟ್ಟರೆ ಸಾಕು. ಬರೀ ಆಕ್ಸೆಸರಿ ಮೋಡ್‌ನಲ್ಲಿ ಹಾಡು ಹಾಕಿಟ್ಟರೆ ಚಾರ್ಜ್ ಆಗುವುದಿಲ್ಲ, ಇನ್ನೂ ಇಳಿಯುತ್ತದೆ.

ಬ್ರೇಕ್ ಪ್ಯಾಡ್ ಬಹಳ ಕಾಲ ಬಾಳುತ್ತದೆ, ವೇಗ ಇಳಿಸುವ ಹೆಚ್ಚಿನ ಕೆಲಸ ಮೋಟಾರಿನದೇ. ಅದೇ ಕಾರಣಕ್ಕೆ ಮಳೆಗಾಲದಲ್ಲಿ ಡಿಸ್ಕ್ ಮೇಲೆ ತುಕ್ಕು ಕೂರುತ್ತದೆ. ವಾರಕ್ಕೊಂದು ಸಲ ಖಾಲಿ ರಸ್ತೆಯಲ್ಲಿ, ಹಿಂದೆ ವಾಹನವಿಲ್ಲದಾಗ, 50ರಿಂದ ಗಟ್ಟಿಯಾಗಿ ಬ್ರೇಕ್ ಒತ್ತಿ ಕೆರೆಸಿ.

2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ ಕೆರೆಯಾದದ್ದು ಎಲ್ಲರಿಗೂ ನೆನಪಿದೆ. ಚಕ್ರದ ಅರ್ಧಕ್ಕೆ ನೀರು ಬಂತೆಂದರೆ ಈ ಎತ್ತರದ ಯಾವ ಸೆಡಾನನ್ನೂ ಇಳಿಸಬಾರದು. ಎಂಜಿನ್ನಿಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸಾದಾ ವಿಮೆ ಅದನ್ನು ಕೊಡುವುದಿಲ್ಲ. ಎಂಜಿನ್ ರಕ್ಷಣೆ ಮತ್ತು ಟೈರ್–ರಿಮ್ ಎರಡೂ ಆಡ್‌ಆನ್ ಹಾಕಿಸಿ. ಇನ್ನು ಬೇಸ್‌ಮೆಂಟಿನ ಇಲಿಗಳು ವೈರಿನ ಜೊತೆ ಬಾನೆಟ್ ಕೆಳಗಿನ ಸದ್ದು ತಡೆಯುವ ಹಾಸನ್ನೂ ಕಡಿಯುತ್ತವೆ. ತಿಂಗಳಿಗೊಮ್ಮೆ ಬಾನೆಟ್ ಎತ್ತಿ ನೋಡುವುದು ಒಳ್ಳೆಯದು.

ಘಟ್ಟದ ಕಡೆ ಮೇಲಿಂದ ಮೇಲೆ ಹೋಗುವವರಿಗೆ ಎಚ್ಚರಿಕೆಯ ಮಾತು. ಚಾರ್ಮಾಡಿಯ ತಿರುವುಗಳಲ್ಲಿ ಈ ಮೆತ್ತನೆ ಕಾರು ವಾಲುತ್ತದೆ. ಮನುಷ್ಯನಿಗೆ ವಾಂತಿ ತರುವುದು ಇಂಥ ನಿಧಾನದ ತೂಗಾಟವೇ, ಹಿಂದೆ ಕುಳಿತ ಮಕ್ಕಳಿಗೆ ಬೇಗ ತಟ್ಟುತ್ತದೆ. ಬಿಗಿ ಸಸ್ಪೆನ್ಷನ್ನಿನ ಕಾರು ಅಲ್ಲಿ ನಿಜಕ್ಕೂ ಹೆಚ್ಚು ಆರಾಮ.

ದುಡ್ಡು, ಮತ್ತು ಬಿಡದಿಯ ಇನ್ನೊಂದು ಕಾರು

ಇಎಸ್‌ಗೆ 2025ರಲ್ಲಿ ಎಕ್ಸ್ ಶೋರೂಮ್ 60 ಲಕ್ಷಕ್ಕೂ ಮೇಲೆ ಇತ್ತು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಅದೊಂದೇ 11 ಲಕ್ಷ ಮೀರುತ್ತದೆ. ಮೈಲೇಜ್ ಪರೀಕ್ಷಾಗಾರದ ಲೆಕ್ಕದಲ್ಲಿ ಲೀಟರಿಗೆ 22.58 ಕಿ.ಮೀ.; ಟ್ರಾಫಿಕ್‌ನಲ್ಲಿ 15–18 ಎಂದು ಇಟ್ಟುಕೊಳ್ಳಿ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ 16ರ ಲೆಕ್ಕಕ್ಕೆ 62.5 ಲೀಟರ್ ಬೇಕು, 8 ಕೊಡುವ ಟರ್ಬೊ ಕಾರಿಗೆ 125. ಲೀಟರಿಗೆ 103 ರೂಪಾಯಿಯಂತೆ ತಿಂಗಳಿಗೆ ಉಳಿಯುವುದು 6,400ರ ಆಸುಪಾಸು. ಈ ಬೆಲೆಯ ಕಾರು ಕೊಳ್ಳುವುದಕ್ಕೆ ಇದು ಕಾರಣವಾಗಬಾರದು, ಬಂಕಿನ ಸಾಲಿನಲ್ಲಿ ಅರ್ಧದಷ್ಟು ಸಲ ನಿಲ್ಲುವುದು ತಪ್ಪುತ್ತದೆ ಎಂಬುದೇ ಲಾಭ.

ಬುಕ್ ಮಾಡುವ ಮೊದಲು ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಕ್ಯಾಮ್ರಿಯಲ್ಲಿ ಒಂದು ಸುತ್ತು ಹೋಗಲೇಬೇಕು. 2024ರ ಡಿಸೆಂಬರ್‌ನಲ್ಲಿ 48 ಲಕ್ಷಕ್ಕೆ ಬಂದ ಹೊಸ ಕ್ಯಾಮ್ರಿಯಲ್ಲೂ ಅದೇ 2.5 ಲೀಟರ್ ಎಂಜಿನ್ ಕುಟುಂಬ, ಅದೇ ಬಗೆಯ ಹೈಬ್ರಿಡ್; ಶಕ್ತಿ 230 ಪಿಎಸ್. ಸಿಗ್ನಲ್‌ನಲ್ಲಿ ನಿಂತಾಗ ಎರಡಕ್ಕೂ ವ್ಯತ್ಯಾಸ ತೀರಾ ಕಡಿಮೆ. 60ರಲ್ಲಿ ಕಾಂಕ್ರೀಟ್ ಮೇಲೆ, ಸೀಟಿನ ತೊಗಲಿನಲ್ಲಿ, ಬಾಗಿಲು ಮುಚ್ಚುವ ಸದ್ದಿನಲ್ಲಿ ಲೆಕ್ಸಸ್ ಮುಂದೆ. ಒಂದೇ ದಿನ, ಒಂದೇ ರಸ್ತೆಯಲ್ಲಿ ಎರಡನ್ನೂ ಓಡಿಸಿ. ಆ ವ್ಯತ್ಯಾಸ ನಿಮ್ಮ ಕಿವಿಗೆ ಕೇಳದಿದ್ದರೆ ಹೆಚ್ಚಿನ ದುಡ್ಡು ಕೊಡಬೇಕಾದ ಅಗತ್ಯವಿಲ್ಲ. ಇಎಸ್‌ನ ಹೊಸ ತಲೆಮಾರನ್ನು 2025ರ ಏಪ್ರಿಲ್‌ನಲ್ಲಿ ಶಾಂಘೈನಲ್ಲಿ ತೋರಿಸಿದ್ದಾರೆ. ಅದು 5,140 ಮಿ.ಮೀ. ಉದ್ದ, ಮೇಲೆ ಹೇಳಿದ 5 ಮೀಟರ್ ಪಾರ್ಕಿಂಗಿನಲ್ಲಿ ಹಿಡಿಸುವುದೇ ಇಲ್ಲ.

ಎಂ340ಐ ಯಾರಿಗೆ? ಬೆಳಿಗ್ಗೆ ಆರಕ್ಕೆ ಹೊರಟು ಎಂಟಕ್ಕೆ ಮರಳುವವರಿಗೆ, ಭಾನುವಾರ ಘಟ್ಟ ಹತ್ತುವವರಿಗೆ, ಮನೆಯಲ್ಲಿ ಎರಡನೇ ಕಾರು ಇರುವವರಿಗೆ. 118 ಕಿ.ಮೀ.ಗಳ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಮಿತಿ ಗಂಟೆಗೆ 100 ಕಿ.ಮೀ. ಅಲ್ಲಿ ಆ ಕಾರಿನ ಶಕ್ತಿಗೆ ಸಿಗುವ ಕೆಲಸ ಮೊದಲ 4.4 ಸೆಕೆಂಡಿನದು ಮಾತ್ರ.

ಟೆಸ್ಟ್ ಡ್ರೈವ್

ಶೋರೂಮಿನವರು ಆರಿಸಿದ ದಾರಿಯಲ್ಲಿ 15 ನಿಮಿಷ ಸುತ್ತಿ ತೀರ್ಮಾನಿಸಬೇಡಿ. ನಿಮ್ಮ ದಾರಿ, ನಿಮ್ಮ ಹೊತ್ತು, ಕನಿಷ್ಠ 40 ನಿಮಿಷ ಕೇಳಿ. ಸೊಂಟ ಮತ್ತು ತೊಡೆಯ ಕೆಳಭಾಗದ ತಕರಾರು ಅರ್ಧ ಗಂಟೆಗಿಂತ ಮೊದಲು ಗೊತ್ತಾಗುವುದಿಲ್ಲ. ಹೊರಡುವ ಮೊದಲು ನಾಲ್ಕೂ ಟೈರಿನ ಒತ್ತಡ ಚೀಟಿಗೆ ಸರಿಯಿದೆಯೇ ನೋಡಿ. ಹಾಡು ನಿಲ್ಲಿಸಿ, ಎ.ಸಿ. ಫ್ಯಾನ್ ಎರಡರಲ್ಲಿಡಿ. ಐದು ನಿಮಿಷ ತೆವಳುವ ಟ್ರಾಫಿಕ್, ಒಂದು ಚೂಪು ಹಂಪು, ಒಂದೇ ಚಕ್ರ ಮ್ಯಾನ್‌ಹೋಲ್ ಮೇಲೆ ಹೋಗುವಂತೆ ಒಂದು ಸಲ, 60ರಲ್ಲಿ ಕಾಂಕ್ರೀಟ್, ಕೊನೆಗೆ ನಿಮ್ಮ ಬೇಸ್‌ಮೆಂಟಿನ ರ‍್ಯಾಂಪು. ಅರ್ಧ ದಾರಿ ನೀವು ಹಿಂದೆ ಕೂರಿ. ಫೋನಿನ ಡೆಸಿಬೆಲ್ ಆ್ಯಪ್ ಬಳಸುವುದಾದರೆ ಅದೇ ಫೋನು, ಅದೇ ಜಾಗ, ಅದೇ ವೇಗ ಇರಲಿ. ಬರುವ ಅಂಕಿ ನಂಬಲು ತಕ್ಕದ್ದಲ್ಲ, ಎರಡು ಕಾರಿನ ನಡುವಿನ ವ್ಯತ್ಯಾಸ ಮಾತ್ರ ಉಪಯೋಗಕ್ಕೆ ಬರುತ್ತದೆ. ಒಂದೆರಡು ಡೆಸಿಬೆಲ್ ವ್ಯತ್ಯಾಸವನ್ನು ಕಡೆಗಣಿಸಿ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ.

ಡೆಲಿವರಿಯ ದಿನವೂ ಟೈರು ಪರೀಕ್ಷಿಸಿ. ಸಾಗಣೆಯಲ್ಲಿ, ಅಂಗಳದಲ್ಲಿ ವಾರಗಟ್ಟಲೆ ನಿಂತಾಗ ಟೈರು ಚಪ್ಪಟೆಯಾಗದಿರಲೆಂದು ಹೊಸ ಕಾರುಗಳಲ್ಲಿ ಗಾಳಿ ಹೆಚ್ಚು ತುಂಬಿರುತ್ತಾರೆ. ಅದನ್ನು ಚೀಟಿಯ ಅಂಕಿಗೆ ಇಳಿಸಿಕೊಂಡೇ ಕೀಲಿ ಪಡೆಯಿರಿ.